ಪುಟ ತೆರೆದಿಟ್ಟು ಆಡಿದ ಮಾತು: ಒಂದು ವಿದ್ಯಾರ್ಥಿ ಓದು ಬಳಗದ ವಿಮರ್ಶೆ

ಶಾಲಾ ಗ್ರಂಥಾಲಯವೊಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ನಡೆಸುವ ಓದು ಬಳಗದ ಸಭೆಗಳಲ್ಲಿ ಒಂದು ಶೈಕ್ಷಣಿಕ ವರ್ಷವಿಡೀ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೋಷಕರು ಬರಬಹುದು, ಆದರೆ ಮಾತಾಡುವಂತಿಲ್ಲ ಎಂಬುದು ಅಲ್ಲಿನ ಶರತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಅಷ್ಟು ಹೊತ್ತು ಕೂರುವುದು ಎಷ್ಟು ಕಷ್ಟವೆಂದು ಮೊದಲ ದಿನವೇ ತಿಳಿಯಿತು. ಬಳಗ ವರ್ಷಕ್ಕೆ ನಾಲ್ಕು ಕಾದಂಬರಿಗಳನ್ನು ಓದುತ್ತದೆ. ನಾಲ್ಕೂ ಹದಿಹರೆಯದವರಿಗಾಗಿ ಬರೆದವು, ನಾಲ್ಕೂ ಒಂದಲ್ಲ ಒಂದು ಸಾಮಾಜಿಕ ಸಮಸ್ಯೆಯನ್ನು ಎದುರು ಹಾಕಿಕೊಂಡವು. ಒಂದೊಂದಕ್ಕೂ ಮೂರು ಸಭೆಗಳು, ಸಭೆಗೆ ಒಂದೂಕಾಲು ಗಂಟೆ. ಪ್ರತಿಗಳನ್ನು ಗ್ರಂಥಾಲಯವೇ ಕೊಡುತ್ತದೆ. ನನ್ನ ಮಗಳು ಸೇರಿ ಹದಿನಾಲ್ಕು ಮಂದಿ ಹೆಸರು ಬರೆಸಿದ್ದರು.

ಮೊದಲ ಕಾದಂಬರಿ ಆ್ಯಂಜಿ ಥಾಮಸ್ ಅವರ 'ದ ಹೇಟ್ ಯು ಗಿವ್' (2017). ಹದಿನಾರು ವರ್ಷದ ಸ್ಟಾರ್ ಎಂಬ ಕಪ್ಪು ಹುಡುಗಿಯ ಕಣ್ಣೆದುರೇ ಅವಳ ಬಾಲ್ಯದ ಗೆಳೆಯನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಲ್ಲುತ್ತಾನೆ; ಕಾರಿನಲ್ಲಿ ಪಿಸ್ತೂಲೆಂದು ಅವನ ಕಣ್ಣಿಗೆ ಕಂಡದ್ದು ತಲೆ ಬಾಚುವ ಬ್ರಷ್. ಇಂಥ ಪುಸ್ತಕವನ್ನು ಮುಂದಿಟ್ಟುಕೊಂಡರೆ ಮಾತಿಗೆ ಬರವಿರುವುದಿಲ್ಲ ಎಂದು ಎಲ್ಲರೂ ಭಾವಿಸುತ್ತಾರೆ, ಮತ್ತು ಬರವಿರಲೂ ಇಲ್ಲ. ಆದರೆ ಹತ್ತು ನಿಮಿಷ ಕಳೆಯುವುದರೊಳಗೆ ಚರ್ಚೆ ಪುಸ್ತಕದಿಂದ ಜಾರಿ ವರ್ಣಭೇದ, ಪೊಲೀಸ್ ವ್ಯವಸ್ಥೆ, ಸುದ್ದಿವಾಹಿನಿಗಳ ಹೊಣೆಗಾರಿಕೆ ಎಂದು ಹರಡಿಕೊಂಡಿತು. ಒಬ್ಬರಾದ ಮೇಲೊಬ್ಬರು ಎದ್ದು, ಯಾರೂ ಅಲ್ಲಗಳೆಯಲಾಗದ ಮಾತುಗಳನ್ನು ಯಾರೂ ಅಲ್ಲಗಳೆಯಲಾಗದ ದನಿಯಲ್ಲಿ ಹೇಳಿ ಕುಳಿತರು. ಅದೊಂದು ಒಳ್ಳೆಯ ಭಾಷಣ ಸ್ಪರ್ಧೆಯಾಗಿತ್ತು. ಪುಸ್ತಕವನ್ನು ಓದದೆ ಬಂದಿದ್ದವರೂ ಅದರಲ್ಲಿ ಸಲೀಸಾಗಿ ಪಾಲ್ಗೊಂಡರು ಎಂಬುದೇ ಅದರ ಮೇಲೆ ನಾನು ಹೊರಿಸಬಹುದಾದ ಅತಿ ದೊಡ್ಡ ಆರೋಪ.

ಆ ಸಂಜೆ ಕೈತಪ್ಪಿಹೋದದ್ದೇನು ಎಂಬುದು ಎರಡನೆಯ ಸಭೆಯಲ್ಲಿ ಗೊತ್ತಾಯಿತು. ಬಳಗವನ್ನು ನಡೆಸುವ ಗ್ರಂಥಪಾಲಕಿ ಅಂದು ಒಂದು ನಿಯಮ ತಂದರು: ಪುಸ್ತಕ ತೊಡೆಯ ಮೇಲೆ ತೆರೆದೇ ಇರಬೇಕು, ಅಭಿಪ್ರಾಯ ಹೇಳುವವರು ಮೊದಲು ಪುಟದ ಸಂಖ್ಯೆ ಹೇಳಬೇಕು. ಮಕ್ಕಳು ನಕ್ಕರು. ಮೊದಮೊದಲು ಹಾಜರಿ ಕರೆದಂತೆ ಪುಟಸಂಖ್ಯೆಗಳನ್ನು ಕೂಗಿದರು. ಆಮೇಲೆ ಒಬ್ಬಳು, ಸ್ಟಾರ್ ತನ್ನ ಶ್ರೀಮಂತ ಶಾಲೆಯಲ್ಲಿ ಬೀದಿಯ ಆಡುಮಾತನ್ನು ತಪ್ಪಿಯೂ ಆಡುವುದಿಲ್ಲ ಎಂದು ಹೇಳಿಕೊಳ್ಳುವ ಭಾಗವನ್ನು ಓದಿದಳು. ಅದೇ ಮಾತುಗಳನ್ನು ಬಿಳಿಯ ಸಹಪಾಠಿಗಳು ಆಡಿದರೆ ಅದು ಶೋಕಿ, ಅವಳು ಆಡಿದರೆ ಅವಳ ಕೇರಿಯ ಗುರುತು. ಮನೆಯಲ್ಲೊಂದು ನಾಲಿಗೆ, ಶಾಲೆಯಲ್ಲೊಂದು ನಾಲಿಗೆ ಇಟ್ಟುಕೊಂಡು ದಿನವಿಡೀ ಪದಗಳನ್ನು ಅಳೆದು ಸುರಿಯುವ ಹುಡುಗಿ ಕೊನೆಗೆ ಸಾಕ್ಷಿ ಹೇಳಬೇಕಾದಾಗ ಯಾವ ನಾಲಿಗೆಯಲ್ಲಿ ಹೇಳುತ್ತಾಳೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಹಿಂದಿನ ವಾರ ಘೋಷಣೆಯಾಗಿದ್ದ ವರ್ಣಭೇದ ಈಗ ಒಬ್ಬಳು ಹುಡುಗಿಯ ಬಾಯೊಳಗೆ ನಡೆಯುವ ಸಂಗತಿಯಾಯಿತು. ಅದುವರೆಗೆ ಮಾತನ್ನೇ ಆಡದಿದ್ದ ಇಬ್ಬರು ಅಂದು ಮಾತಾಡಿದರು. ಸಮಸ್ಯೆಯ ಕುರಿತು ಅಭಿಪ್ರಾಯವಿಲ್ಲದವರಿಗೂ ಒಂದು ವಾಕ್ಯದ ಕುರಿತು ಅನುಮಾನವಿರುತ್ತದೆ.

ಅಮೆರಿಕದ ಶಿಕ್ಷಣ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಷ್ಟು ಹಿಂದೆಯೇ ಸಾಹಿತ್ಯದ ಓದನ್ನು ಓದುಗ ಮತ್ತು ಪಠ್ಯದ ನಡುವಣ ವ್ಯವಹಾರವೆಂದು ಕಂಡವರು; ಮಾಹಿತಿಯನ್ನು ಹೊತ್ತೊಯ್ಯಲೆಂದು ಓದುವುದಕ್ಕೂ ಓದುತ್ತಿರುವಾಗ ಒಳಗೆ ನಡೆಯುವುದನ್ನು ಅನುಭವಿಸಲೆಂದು ಓದುವುದಕ್ಕೂ ಇರುವ ಅಂತರವನ್ನು ಅವರು ಮುಂದೆ ವಿವರವಾಗಿ ಬಿಡಿಸಿಟ್ಟರು. ಸಾಮಾಜಿಕ ಸಮಸ್ಯೆಯ ಕಾದಂಬರಿಗಳಿಗೆ ಅಂಟಿಕೊಂಡಿರುವ ಅಪಾಯವೆಂದರೆ ಅವು ಬಹಳ ಬೇಗ ಮೊದಲನೆಯ ಬಗೆಯ ಓದಿಗೆ ಬಲಿಯಾಗುತ್ತವೆ. ಸಮಸ್ಯೆಯನ್ನು ಸಂಚಿಯಲ್ಲಿ ಹಾಕಿಕೊಂಡು ಕಾದಂಬರಿಯನ್ನು ಅಲ್ಲೇ ಬಿಟ್ಟು ಬರುವುದು ಸುಲಭ. ಈ ಬಳಗವನ್ನು ನಾನು ಅಳೆದದ್ದು ಮುಖ್ಯವಾಗಿ ಈ ಒಂದು ಅಳತೆಯಿಂದಲೇ, ಮತ್ತು ವರ್ಷದ ಬಹುಪಾಲು ಅದು ಈ ಪರೀಕ್ಷೆಯಲ್ಲಿ ಗೆದ್ದಿತು.

ಗೆಲ್ಲದ ಜಾಗಗಳೂ ಇವೆ. ಮೊದಲನೆಯದು ಪಾತ್ರಚೀಟಿಗಳು. ಒಬ್ಬರು ಪ್ರಶ್ನೆ ಕೇಳುವವರು, ಒಬ್ಬರು ಚಿತ್ರ ಬರೆಯುವವರು, ಒಬ್ಬರು ಮುಖ್ಯ ಭಾಗಗಳನ್ನು ಆರಿಸಿ ಓದುವವರು, ಒಬ್ಬರು ಕಥೆಯನ್ನು ಬದುಕಿಗೆ ಜೋಡಿಸುವವರು ಎಂದು ಕೆಲಸ ಹಂಚುವ ಕ್ರಮವನ್ನು ಶಿಕ್ಷಕರ ನಡುವೆ ಜನಪ್ರಿಯಗೊಳಿಸಿದವರು ಹಾರ್ವೆ ಡೇನಿಯಲ್ಸ್. ಅವರ ಪುಸ್ತಕ ಬಂದದ್ದು 1994ರಲ್ಲಿ. ಚೀಟಿಗಳು ಯಾಂತ್ರಿಕವಾಗಿಬಿಡುತ್ತವೆ, ಅವು ತಾತ್ಕಾಲಿಕ ಊರುಗೋಲುಗಳು ಮಾತ್ರ ಎಂದು 2002ರ ಪರಿಷ್ಕೃತ ಆವೃತ್ತಿಯಲ್ಲಿ ಅವರೇ ಎಚ್ಚರಿಸಿದರು. ನಮ್ಮ ಬಳಗ ಊರುಗೋಲನ್ನು ಅರ್ಧ ವರ್ಷ ಬಿಡಲಿಲ್ಲ. ಪ್ರಶ್ನೆ ಕೇಳುವವನಾಗಿದ್ದ ಹುಡುಗನೊಬ್ಬ ತಾನು ಬರೆದು ತಂದಿದ್ದ ಐದೂ ಪ್ರಶ್ನೆಗಳನ್ನು ಉತ್ತರಕ್ಕೆ ಕಾಯದೆ ಒಂದೇ ಉಸಿರಿನಲ್ಲಿ ಓದಿ ಮುಗಿಸಿ, ಕೆಲಸ ಒಪ್ಪಿಸಿದ ನೆಮ್ಮದಿಯಿಂದ ಕುಳಿತದ್ದನ್ನು ಕಂಡಾಗ ನಗು ತಡೆಯುವುದು ಕಷ್ಟವಾಯಿತು. ಅವನ ತಪ್ಪೇನೂ ಇರಲಿಲ್ಲ. ಚೀಟಿಯಲ್ಲಿ ಕೇಳು ಎಂದಿತ್ತು, ಕೇಳಿಸಿಕೋ ಎಂದಿರಲಿಲ್ಲ.

ಬಳಗದ ನಿಜವಾದ ಕಸುವು ಕಂಡದ್ದು ಎರಡನೆಯ ಕಾದಂಬರಿಯಲ್ಲಿ. ವಾಲ್ಟರ್ ಡೀನ್ ಮೈಯರ್ಸ್ ಅವರ 'ಮಾನ್‌ಸ್ಟರ್' 1999ರಲ್ಲಿ ಪ್ರಕಟವಾಗಿ, ಹದಿಹರೆಯದವರ ಸಾಹಿತ್ಯಕ್ಕೆಂದು ಅಮೆರಿಕದಲ್ಲಿ ಸ್ಥಾಪನೆಯಾದ ಪ್ರಿಂಟ್ಜ್ ಪ್ರಶಸ್ತಿಯನ್ನು 2000ದಲ್ಲಿ ಮೊಟ್ಟಮೊದಲಿಗೆ ಪಡೆದ ಕೃತಿ. ಔಷಧದ ಅಂಗಡಿಯೊಂದರ ದರೋಡೆಯಲ್ಲಿ ಮಾಲೀಕ ಕೊಲೆಯಾಗಿದ್ದಾನೆ. ಕಾವಲು ನೋಡಲು ಒಳಹೊಕ್ಕು ಬಂದವನು ಎಂಬ ಆರೋಪದ ಮೇಲೆ ಹದಿನಾರರ ಸ್ಟೀವ್ ಹಾರ್ಮನ್ ಕೊಲೆಯ ವಿಚಾರಣೆ ಎದುರಿಸುತ್ತಿದ್ದಾನೆ. ಸಿನಿಮಾ ತಯಾರಿಸುವ ಕನಸಿರುವ ಅವನು ತನ್ನ ಮೊಕದ್ದಮೆಯನ್ನು ಚಿತ್ರಕಥೆಯಾಗಿ ಬರೆಯುತ್ತಾನೆ, ನಡುನಡುವೆ ಸೆರೆಮನೆಯ ದಿನಚರಿ ಇದೆ. ಸರ್ಕಾರಿ ವಕೀಲರ ಬಾಯಿಂದ ಬಂದ ಒಂದು ಪದವೇ ಪುಸ್ತಕದ ಹೆಸರಾಗಿದೆ.

ಇಲ್ಲಿ ಗ್ರಂಥಪಾಲಕಿ ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ಒಂದೇ ಹಾಳೆಯ ಟಿಪ್ಪಣಿ. ಗುಂಡು ಹಾರಿಸದವನ ಮೇಲೂ ಕೊಲೆಯ ಆರೋಪ ಹೇಗೆ ಬಂತು ಎಂಬ ಗೊಂದಲದಲ್ಲಿ ಅರ್ಧದಷ್ಟು ಮಕ್ಕಳು ಸಿಕ್ಕಿಬಿದ್ದಿದ್ದರು. ದರೋಡೆಯಂಥ ಗಂಭೀರ ಅಪರಾಧ ನಡೆಯುತ್ತಿರುವಾಗ ಯಾರಾದರೂ ಸತ್ತರೆ ಅದರಲ್ಲಿ ಪಾಲ್ಗೊಂಡ ಪ್ರತಿಯೊಬ್ಬರ ಮೇಲೂ ಕೊಲೆಯ ಹೊಣೆ ಹೊರಿಸಬಹುದಾದ ನಿಯಮ ಅಮೆರಿಕದ ಹಲವು ರಾಜ್ಯಗಳಲ್ಲಿದೆ ಎಂಬುದನ್ನು ಆ ಹಾಳೆ ವಿವರಿಸಿತು, ಅಷ್ಟಕ್ಕೇ ನಿಲ್ಲಿಸಿತು. ಸಾಮಾಜಿಕ ಸಮಸ್ಯೆಯ ಕಾದಂಬರಿಯನ್ನು ಚರ್ಚಿಸುವಾಗ ವಾಸ್ತವದ ಮಾಹಿತಿ ಎಷ್ಟಿರಬೇಕು ಎಂದು ಕೇಳಿದರೆ ನಾನು ಆ ಹಾಳೆಯನ್ನೇ ತೋರಿಸುತ್ತೇನೆ: ಕಥೆ ಅರ್ಥವಾಗಲು ಬೇಕಾದಷ್ಟು, ಕಥೆಯ ಜಾಗವನ್ನು ಕಿತ್ತುಕೊಳ್ಳದಷ್ಟು.

ಮೊದಲ ಸಭೆಯಲ್ಲಿ ಕೈ ಎತ್ತಿಸಿದಾಗ ಮೂವರನ್ನು ಬಿಟ್ಟು ಉಳಿದವರೆಲ್ಲರೂ ಸ್ಟೀವ್ ನಿರಪರಾಧಿ ಎಂದರು. ಒಳ್ಳೆಯ ಮನೆಯ ಹುಡುಗ, ಅಳುತ್ತಾನೆ, ಹೆದರುತ್ತಾನೆ, ತಾಯಿ ನೋಡಲು ಬರುತ್ತಾರೆ. ಎರಡನೆಯ ಸಭೆಯಲ್ಲಿ ಗ್ರಂಥಪಾಲಕಿ ಕೇಳಿದ್ದು ಒಂದೇ ಪ್ರಶ್ನೆ: ಕ್ಯಾಮೆರಾ ಯಾರ ಕೈಯಲ್ಲಿದೆ? ಹೆಚ್ಚು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಜಿನ ತುದಿಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, ನ್ಯಾಯಾಲಯದ ಸಂಭಾಷಣೆಗಳನ್ನಷ್ಟೇ ಅಲ್ಲ, ಯಾವುದು ಹತ್ತಿರದ ದೃಶ್ಯ, ಯಾವುದು ದೂರದ ದೃಶ್ಯ, ಎಲ್ಲಿ ಕತ್ತರಿಸಬೇಕು ಎಂಬ ಸೂಚನೆಗಳನ್ನೂ ಬರೆಯುತ್ತಿರುವವನು ಸ್ಟೀವನೇ ಅಲ್ಲವೇ ಎಂದಳು. ಹಾಗಿದ್ದರೆ ಅವನು ತೋರಿಸದೆ ಬಿಟ್ಟ ದೃಶ್ಯ ಯಾವುದು? ಹದಿನಾಲ್ಕು ಪ್ರತಿಗಳ ಹಾಳೆಗಳು ಒಟ್ಟಿಗೆ ಮಗುಚಿದ ಸದ್ದು ನನಗೆ ಇನ್ನೂ ನೆನಪಿದೆ. ಆ ದಿನ ಅಂಗಡಿಯೊಳಗೆ ನಡೆದದ್ದನ್ನು ಹುಡುಕಿ ಹೋದವರಿಗೆ ತಮಗೆ ಬೇಕಾದ ಒಂದು ಸಾಲು ಕೊನೆಗೂ ಸಿಗಲಿಲ್ಲ, ಏಕೆಂದರೆ ಲೇಖಕರು ಅದನ್ನು ಇಟ್ಟಿಲ್ಲ.

ಮೂರನೆಯ ಸಭೆ ಪೂರ್ತಿ ಕಥೆಯ ಕೊನೆಯ ಕುರಿತು. ತೀರ್ಪು ಸ್ಟೀವನ ಪರವಾಗಿ ಬರುತ್ತದೆ, ಅವನು ತನ್ನ ವಕೀಲೆಯನ್ನು ಅಪ್ಪಿಕೊಳ್ಳಲೆಂದು ಕೈ ಚಾಚುತ್ತಾನೆ, ಆಕೆ ಬಿಗಿದುಕೊಂಡು ಅತ್ತ ತಿರುಗುತ್ತಾರೆ. ಆಕೆ ಏನನ್ನು ಕಂಡರು? ಸ್ಟೀವನೂ ಅದನ್ನೇ ಕೇಳಿಕೊಳ್ಳುತ್ತಾನೆ. ಆಕೆಯ ಮನಸ್ಸಿನಲ್ಲಿ ಇದ್ದದ್ದು ಸಂಶಯವೋ, ವೃತ್ತಿಯ ದಣಿವೋ, ಕಪ್ಪು ಹುಡುಗರನ್ನು ಕುರಿತ ಆಳದ ಪೂರ್ವಗ್ರಹವೋ ಎಂದು ವಾದ ಏರಿತು, ಮತ್ತು ಈ ವಾದದ ಒಳಗಿನಿಂದಲೇ, ಯಾರೂ ಕರೆಯದೆ, ಸೆರೆಮನೆ, ಬಡಾವಣೆ, ಚರ್ಮದ ಬಣ್ಣ, ನ್ಯಾಯದರ್ಶಿಗಳ ಕಣ್ಣು ಎಲ್ಲವೂ ಬಂದವು. ಮೊದಲ ಕಾದಂಬರಿಯ ಮೊದಲ ಸಂಜೆ ಆಡಿದ್ದ ಅದೇ ವಿಷಯಗಳು. ಅಂದು ಎಲ್ಲರೂ ಒಮ್ಮತದಲ್ಲಿದ್ದರು, ಇಂದು ಯಾರಿಗೂ ತಮ್ಮ ಮೇಲೆಯೇ ಪೂರ್ತಿ ನಂಬಿಕೆ ಇರಲಿಲ್ಲ. ಮಗಳು ಮನೆಗೆ ಬಂದ ಮೇಲೆ ನಾನು ತೀರ್ಪು ಕೇಳಿದೆ. ಮೊದಲ ದಿನ ತಾನು ಅಷ್ಟು ಬೇಗ ಕೈ ಎತ್ತಿದ್ದು ಏಕೆ ಎಂದು ಯೋಚಿಸುತ್ತಿದ್ದೇನೆ ಎಂದಳು.

ಮೂರನೆಯದು ಲಾರೀ ಹಾಲ್ಸ್ ಆ್ಯಂಡರ್ಸನ್ ಅವರ 'ಸ್ಪೀಕ್', ಅದೂ 1999ರದ್ದೇ. ಬೇಸಿಗೆಯ ಕೂಟವೊಂದರಿಂದ ಪೊಲೀಸರಿಗೆ ಫೋನ್ ಮಾಡಿದಳೆಂದು ಇಡೀ ಶಾಲೆ ದೂರವಿಟ್ಟ ಮೆಲಿಂಡಾ ದಿನದಿನಕ್ಕೂ ಮಾತು ಕಳೆದುಕೊಳ್ಳುತ್ತಾಳೆ. ಏಕೆ ಫೋನ್ ಮಾಡಿದಳು ಎಂದು ಯಾರೂ ಕೇಳುವುದಿಲ್ಲ. ಶಾಲೆಯ ನಾಲ್ಕು ಅಂಕಾವಧಿಗಳಂತೆ ನಾಲ್ಕು ಭಾಗಗಳಾಗಿ ಹಂಚಿಕೊಂಡ ಕಥೆ, ಕೂಟದಲ್ಲಿ ಅವಳ ಮೇಲೆ ನಡೆದ ಅತ್ಯಾಚಾರವನ್ನು ಬಹಳ ತಡವಾಗಿ, ಅವಳಿಗೆ ಹೇಳಲು ಸಾಧ್ಯವಾದಾಗ ಮಾತ್ರ, ಹೊರಗೆ ಬಿಡುತ್ತದೆ. ಬಳಗ ಇಲ್ಲಿ ಒಂದು ಇಕ್ಕಟ್ಟಿಗೆ ಸಿಲುಕಿತು. ಪುಸ್ತಕ ಹಂಚುವಾಗಲೇ ಅದರಲ್ಲೇನಿದೆ ಎಂಬ ಮುನ್ಸೂಚನೆಯ ಚೀಟಿ ಕೊಟ್ಟಿದ್ದರು. ಬೇಡವೆನ್ನುವವರಿಗೆ ಬೇರೆ ಪುಸ್ತಕವಿತ್ತು, ಮೂರೂ ಸಭೆಗಳಲ್ಲಿ ಶಾಲೆಯ ಆಪ್ತ ಸಮಾಲೋಚಕರು ಕೋಣೆಯಲ್ಲೇ ಇದ್ದರು. ಆದರೆ ಕಾದಂಬರಿ ಅಷ್ಟು ಪುಟಗಳ ಕಾಲ ಹಿಡಿದಿಟ್ಟುಕೊಂಡದ್ದನ್ನು ಚೀಟಿ ಮೂರು ಸಾಲಿನಲ್ಲಿ ಹೇಳಿಬಿಟ್ಟಿತು. ಓದುಗರು ಮೆಲಿಂಡಾಳ ಸಹಪಾಠಿಗಳಂತೆ ಮೊದಲು ಅವಳನ್ನು ತಪ್ಪಾಗಿ ಅಳೆದು, ಆಮೇಲೆ ನಾಚಬೇಕು ಎಂಬುದು ಆ ಕಟ್ಟಡದ ಒಳಗುಟ್ಟು. ಚೀಟಿ ಓದಿದವರಿಗೆ ಆ ನಾಚಿಕೆ ದಕ್ಕಲಿಲ್ಲ.

ಸಾಹಿತ್ಯದ ಹೆಸರಿನಲ್ಲಿ ಚೀಟಿಯನ್ನು ವಿರೋಧಿಸಬೇಕೆಂದು ನನಗೆ ಒಂದು ಕ್ಷಣ ಅನಿಸಿದ್ದು ನಿಜ. ಈಗ ಹಾಗನಿಸುವುದಿಲ್ಲ. ಹದಿನಾಲ್ಕು ಮಕ್ಕಳಲ್ಲಿ ಯಾರ ಬದುಕಿನಲ್ಲಿ ಏನು ನಡೆದಿದೆಯೋ ನಡೆಸುವವರಿಗೆ ತಿಳಿದಿರುವುದಿಲ್ಲ, ತಿಳಿಯುವ ಹಕ್ಕೂ ಇರುವುದಿಲ್ಲ. ಒಂದು ತಂತ್ರದ ಸೊಗಸು ಕಳೆದರೆ ಕಳೆಯಲಿ. ಆದರೂ ಚೀಟಿಯನ್ನು ಇನ್ನಷ್ಟು ಜಾಣತನದಿಂದ ಬರೆಯಬಹುದಿತ್ತು: ಹಿಂಸೆಯ ಪ್ರಸ್ತಾಪವಿದೆ, ವಿವರ ಬೇಕೆನ್ನುವವರು ಮುಚ್ಚಿದ ಲಕೋಟೆ ತೆರೆದು ನೋಡಿ ಎಂದಿದ್ದರೆ ಆಯ್ಕೆ ಓದುಗರ ಕೈಯಲ್ಲೇ ಉಳಿಯುತ್ತಿತ್ತು.

ಇದೇ ಕಾದಂಬರಿಯ ಎರಡನೆಯ ಸಭೆಯಲ್ಲಿ ವರ್ಷದ ಅತಿ ದೊಡ್ಡ ಎಡವಟ್ಟು ನಡೆಯಿತು. ಸರದಿ ಬಂದಾಗ ಏನೂ ಹೇಳದೆ ಮುಂದಕ್ಕೆ ದಾಟಿಸಬಹುದು ಎಂಬ ನಿಯಮ ಮೊದಲಿನಿಂದಲೂ ಇತ್ತು. ಎರಡು ಸುತ್ತು ದಾಟಿಸಿದ ವಿದ್ಯಾರ್ಥಿನಿಯನ್ನು ಗ್ರಂಥಪಾಲಕಿ ಹೆಸರು ಹಿಡಿದು ಕರೆದು, ನಿನಗೇನನ್ನಿಸಿತು ಎಂದು ಕೇಳಿಬಿಟ್ಟರು. ಕೇಳಿದ ದನಿ ಮೃದುವಾಗಿಯೇ ಇತ್ತು. ಆದರೆ ಮಾತಾಡಲಾಗದ ಹುಡುಗಿಯ ಕಥೆಯನ್ನು ಮುಂದಿಟ್ಟುಕೊಂಡು, ಮಾತಾಡದವಳನ್ನು ಮಾತಾಡಿಸಲು ಹೋದದ್ದು ಎಲ್ಲರಿಗೂ ಒಟ್ಟಿಗೇ ಹೊಳೆದು ಕೋಣೆ ಬಿಮ್ಮೆಂದಿತು. ಮುಂದಿನ ಸಭೆಯ ಮೊದಲ ಮಾತೇ ಅವರ ಕ್ಷಮಾಪಣೆ. ಅಂದಿನಿಂದ ಮೇಜಿನ ನಡುವೆ ಒಂದು ನೋಟ್‌ಬುಕ್ ಬಂತು. ಹೇಳಲಾಗದವರು ಹೆಸರಿಲ್ಲದೆ ಬರೆದಿಡಬಹುದು, ಬರೆಯದೆಯೂ ಇರಬಹುದು. ಮೆಲಿಂಡಾ ಚಿತ್ರಕಲೆಯ ತರಗತಿಯಲ್ಲಿ ವರ್ಷವಿಡೀ ಒಂದೇ ಮರವನ್ನು ಬರೆಯಲು ಹೆಣಗುವುದರ ಕುರಿತು ಆ ನೋಟ್‌ಬುಕ್ಕಿನಲ್ಲಿ ಬಂದ ಅರ್ಧ ಪುಟ, ಆ ಮೂರೂ ಸಭೆಗಳಲ್ಲಿ ಬಾಯಲ್ಲಿ ಆಡಿದ ಯಾವ ಮಾತಿಗಿಂತಲೂ ಹರಿತವಾಗಿತ್ತು. ಯಾರು ಬರೆದರೆಂದು ಯಾರೂ ಕೇಳಲಿಲ್ಲ.

ಜೇಸನ್ ರೆನಾಲ್ಡ್ಸ್ ಅವರ 'ಲಾಂಗ್ ವೇ ಡೌನ್' (2017) ಕುರಿತು ಹೆಚ್ಚು ಬರೆಯಬೇಕಾಗಿಲ್ಲ, ಏಕೆಂದರೆ ಅಲ್ಲಿ ಯಾವ ತೊಡಕೂ ಬರಲಿಲ್ಲ. ಅಣ್ಣನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಪಿಸ್ತೂಲು ಸಿಕ್ಕಿಸಿಕೊಂಡು ಲಿಫ್ಟ್ ಹತ್ತಿದ ಹದಿನೈದರ ಹುಡುಗ, ಮಹಡಿ ಮಹಡಿಗೂ ಒಳಬರುವ ಸತ್ತವರು, ಪದ್ಯದಲ್ಲಿ ನಡೆಯುವ ಕಥೆ, ಎರಡೇ ಪದಗಳ ಪ್ರಶ್ನೆಯಲ್ಲಿ ಕೊನೆ. ಪುಟದಲ್ಲಿ ಬಿಳಿ ಜಾಗವೇ ಹೆಚ್ಚಿರುವುದರಿಂದ ದಪ್ಪ ಪುಸ್ತಕ ಕಂಡರೆ ಹಿಂದೆ ಸರಿಯುವವರೂ ಒಂದೇ ಕೂರಿಕೆಯಲ್ಲಿ ಮುಗಿಸಿ ಬಂದಿದ್ದರು. ಸರದಿಯಂತೆ ಗಟ್ಟಿಯಾಗಿ ಓದಿದರು, ಜಗಳವಾಡಿದರು, ಸಮಯ ಮುಗಿದ ಮೇಲೂ ಏಳಲಿಲ್ಲ. ನಿಧಾನವಾಗಿ ಓದುವವರಿರುವ ಬಳಗ ಇಂಥ ಕೃತಿಯನ್ನು ವರ್ಷದ ಕೊನೆಗೆ ಇಟ್ಟುಕೊಳ್ಳದೆ ಮೊದಲಿಗೇ ತರಬೇಕು.

ಪುಸ್ತಕಗಳ ಆಯ್ಕೆಯ ಬಗೆಗೆ ನನ್ನ ತಕರಾರು ಸಣ್ಣದಲ್ಲ. ನಾಲ್ಕೂ ಅಮೆರಿಕದವು, ನಾಲ್ಕರಲ್ಲಿ ಮೂರು ಕಪ್ಪು ಹದಿಹರೆಯದವರು ಮತ್ತು ಬಂದೂಕಿನ ಕುರಿತಾದವು. ಒಂದೊಂದೂ ಒಳ್ಳೆಯ ಪುಸ್ತಕವೇ, ಆದರೆ ಸಾಲಾಗಿ ಓದಿದಾಗ ಸಾಮಾಜಿಕ ಸಮಸ್ಯೆ ಎಂದರೆ ಬೇರೆ ಯಾರದೋ ನಾಡಿನಲ್ಲಿ ಗುಂಡಿನ ಸದ್ದಿನೊಂದಿಗೆ ಬರುವಂಥದ್ದು ಎಂಬ ಭಾವನೆ ಮೂಡಲು ಸಾಕು. ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕಗಳನ್ನು ಕನ್ನಡಿ, ಕಿಟಕಿ ಮತ್ತು ದಾಟಿ ಹೋಗಬಹುದಾದ ಗಾಜಿನ ಬಾಗಿಲು ಎಂದು ಕರೆದರು. ಬಳಗ ಒಂದೇ ದಿಕ್ಕಿನ ಕಿಟಕಿಯನ್ನು ನಾಲ್ಕು ಸಲ ತೆರೆಯಿತು. ಮಗಳ ಗೆಳತಿಯೊಬ್ಬಳು, ತಾಲಿಬಾನ್ ಆಳ್ವಿಕೆಯ ಕಾಬೂಲಿನಲ್ಲಿ ಕೂದಲು ಕತ್ತರಿಸಿಕೊಂಡು ಗಂಡುವೇಷದಲ್ಲಿ ಮಾರುಕಟ್ಟೆಗೆ ಹೋಗಿ, ಓದು ಬಾರದವರಿಗೆ ಕಾಗದ ಓದಿಕೊಟ್ಟು ಮನೆ ಸಾಕುವ ಹನ್ನೊಂದರ ಪರ್ವಾನಾಳ ಕಥೆಯಾದ, ಡೆಬೊರಾ ಎಲಿಸ್ ಅವರ 'ದ ಬ್ರೆಡ್‌ವಿನ್ನರ್' (2000) ಓದೋಣ ಎಂದು ಸೂಚಿಸಿದ್ದಳು. ಅದು ಚಿಕ್ಕವರ ಪುಸ್ತಕ ಎಂದು ಪಕ್ಕಕ್ಕಿಟ್ಟರು. ಪುಸ್ತಕ ಚಿಕ್ಕ ಓದುಗರಿಗೆ ಎಟುಕುವಂತಿದೆ ಎಂಬುದು ನಿಜ, ಅದರೊಳಗಿನ ಪ್ರಶ್ನೆ ಚಿಕ್ಕದೆಂಬುದು ಸುಳ್ಳು. ಇನ್ನೊಂದು ಮಾತು: ವರ್ಷವಿಡೀ ನಗುವ ಪುಸ್ತಕ ಒಂದೂ ಬರಲಿಲ್ಲ. ಅನ್ಯಾಯದ ಕುರಿತ ಕಾದಂಬರಿ ನಗಿಸಬಾರದೆಂದು ಯಾವ ನಿಯಮವೂ ಇಲ್ಲ, ಮತ್ತು ಮೂರನೆಯ ಕಾದಂಬರಿಯ ಹೊತ್ತಿಗೆ ಮಕ್ಕಳ ಮುಖದಲ್ಲಿ ದಣಿವು ಕಾಣುತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ವರ್ಷಾಂತ್ಯದ ಭಿತ್ತಿಪತ್ರ ಪ್ರದರ್ಶನ. ಓದಿದ ಕಾದಂಬರಿಯೊಂದನ್ನು ಆರಿಸಿಕೊಂಡು ಅದರ ಸಂದೇಶ ಸಾರುವ ಜಾಗೃತಿ ಚಿತ್ರ ಬರೆಯಬೇಕಿತ್ತು. 'ಮಾನ್‌ಸ್ಟರ್' ಆರಿಸಿಕೊಂಡವರ ಭಿತ್ತಿಪತ್ರದ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು: ಕೆಟ್ಟ ಸಹವಾಸದಿಂದ ದೂರವಿರಿ. ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಮೌನವಾಗಿ ಕುಳಿತಿದ್ದ ಅದೇ ಮಕ್ಕಳು ಬರೆದದ್ದು ಅದು. ಅವರನ್ನು ದೂರುವುದಿಲ್ಲ. ಸಂದೇಶ ಬರೆ ಎಂದರೆ ಸಂದೇಶವನ್ನೇ ಬರೆಯುತ್ತಾರೆ, ಮತ್ತು ಸಂದೇಶ ಎನ್ನುವುದು ಇಂಥ ಕಾದಂಬರಿಯಿಂದ ಅತಿ ಸುಲಭವಾಗಿ ಉದುರುವ ತೊಗಟೆ. ಶಾಲೆಗೆ ಗೋಡೆಯ ಮೇಲೆ ತೋರಿಸಲು ಏನಾದರೂ ಬೇಕಿತ್ತು ಎಂಬುದು ನನಗೆ ಅರ್ಥವಾಗುತ್ತದೆ. ಮಕ್ಕಳು ಗುರುತು ಹಾಕಿದ ಪುಟಗಳನ್ನೂ ಅಂಚಿನಲ್ಲಿ ಅಂಟಿಸಿದ ಚೀಟಿಗಳನ್ನೂ ಹಾಗೆಯೇ ತೂಗುಹಾಕಿದ್ದರೆ ಅದಕ್ಕಿಂತ ಒಳ್ಳೆಯ ಪ್ರದರ್ಶನವಾಗುತ್ತಿತ್ತು.

ಸೇರಬೇಕೆನ್ನುವವರಿಗೆ ಕೆಲವು ಮಾತು. ಹದಿನಾಲ್ಕು ಜನ ಒಂದು ಮೇಜಿಗೆ ಹೆಚ್ಚು. ಎರಡು ಗುಂಪು ಮಾಡಿ ಕೊನೆಯ ಇಪ್ಪತ್ತು ನಿಮಿಷ ಕೂಡಿಸಿದರೆ ಸರದಿಗಾಗಿ ಕಾದು ಮಾತು ಆರಿಹೋಗುವುದು ತಪ್ಪುತ್ತದೆ. ಒಂದು ಪುಸ್ತಕಕ್ಕೆ ಮೂರು ಸಭೆ ಎಂಬ ಲೆಕ್ಕ ಸರಿಯಾಗಿದೆ, ಎರಡಕ್ಕೆ ಇಳಿಸಬಾರದು. ನಾನು ಕಂಡ ಒಳ್ಳೆಯ ತಿರುವುಗಳೆಲ್ಲ ಎರಡನೆಯ ಸಭೆಯಲ್ಲೇ ಬಂದವು. ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಚರ್ಚಾಪ್ರಶ್ನೆಗಳನ್ನು ಗ್ರಂಥಪಾಲಕಿ ಮುಟ್ಟುವುದೇ ಇಲ್ಲ ಎಂಬುದು ಬಳಗದ ಒಂದು ಗುಣ. ಏಕೆ ಎಂದು ಕೇಳಿ ಮಕ್ಕಳನ್ನು ಕಟಕಟೆಯಲ್ಲಿ ನಿಲ್ಲಿಸಬೇಡಿ, ಅದರ ಬದಲು ಹೇಳು ನೋಡೋಣ ಎನ್ನಿ ಎಂಬುದು ಬ್ರಿಟನ್ನಿನ ಏಡನ್ ಚೇಂಬರ್ಸ್ ಅವರು 1993ರಲ್ಲಿ ಕೊಟ್ಟ ಸಲಹೆ. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಎಲ್ಲಿ ಗೊಂದಲವಾಯಿತು, ಎಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಬಂತು ಎಂಬ ನಾಲ್ಕರಿಂದಲೇ ಅವರು ಮಾತು ಹೊರಡಿಸುತ್ತಾರೆ. ಇಲ್ಲಿಯೂ ಪ್ರತಿ ಮೊದಲ ಸಭೆ ಹೆಚ್ಚುಕಡಿಮೆ ಹಾಗೆಯೇ ಆರಂಭವಾಗುತ್ತದೆ. ಗೊಂದಲದ ಪಟ್ಟಿಯೇ ಯಾವಾಗಲೂ ಉದ್ದ. ಪರೀಕ್ಷೆಯ ಅಂಕಗಳಿಗೆ ನೆರವಾಗಲೆಂದು ಮಕ್ಕಳನ್ನು ಕಳುಹಿಸುವವರಿಗೆ ಇದು ನಿರಾಸೆ ತರಬಹುದು. ಮಗ ಅಥವಾ ಮಗಳು ಊಟದ ಹೊತ್ತಿಗೆ ನಿಮ್ಮ ಮಾತಿಗೆ ಪುಟಸಂಖ್ಯೆ ಕೇಳತೊಡಗಿದರೆ ತಾಳಿಕೊಳ್ಳುವ ಸಿದ್ಧತೆಯೂ ಇರಬೇಕು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದರಲ್ಲಿ ಅರ್ಧ ಆಯ್ಕೆಗೆ, ಇನ್ನರ್ಧ ಭಿತ್ತಿಪತ್ರಕ್ಕೆ. ಕೊನೆಯ ಸಭೆಯಲ್ಲಿ ಮುಂದಿನ ವರ್ಷದ ಪಟ್ಟಿಗಾಗಿ ಮತ ಹಾಕಿಸಿದರು. ಎಸ್. ಇ. ಹಿಂಟನ್ ಹದಿಹರೆಯದಲ್ಲೇ ಬರೆದು 1967ರಲ್ಲಿ ಪ್ರಕಟಿಸಿದ 'ದ ಔಟ್‌ಸೈಡರ್ಸ್' ತೀರಾ ಹಳೆಯದು ಎಂದು ಒಂದು ಗುಂಪು, ತಮ್ಮ ವಯಸ್ಸಿನವಳೇ ಬರೆದದ್ದನ್ನು ಹಳೆಯದೆನ್ನುವುದು ಹೇಗೆ ಎಂದು ಇನ್ನೊಂದು ಗುಂಪು ಹಟ ಹಿಡಿದವು. 'ದ ಬ್ರೆಡ್‌ವಿನ್ನರ್' ಹೆಸರು ಈ ಸಲ ಚೀಟಿಯಲ್ಲಿತ್ತು, ಅದಕ್ಕೆ ಒಂಬತ್ತು ಮತ ಬಿದ್ದವು. 'ದ ಔಟ್‌ಸೈಡರ್ಸ್' ಏಳು ಏಳರ ಸಮಬಲದಲ್ಲಿ ನಿಂತು, ಇಬ್ಬರೂ ಮೊದಲ ಅಧ್ಯಾಯವನ್ನು ಓದಿಕೊಂಡು ಬಂದು ಪುಟ ತೋರಿಸಿ ವಾದಿಸಬೇಕೆಂದು ತೀರ್ಮಾನವನ್ನು ಮುಂದಕ್ಕೆ ಹಾಕಲಾಗಿದೆ.